‘ಚೆಕ್’ ಎಲ್ಲಿಂದ ಬಂತು? ಇಂಗ್ಲಿಷ್ ಪದದ ಮೂಲವನ್ನು ನೀವೇ ಹುಡುಕುವ ಬಗೆ

ಬ್ಯಾಂಕಿಗೆ ಹಾಕುವುದು ಚೆಕ್. ಡಾಕ್ಟರ ಹತ್ತಿರ ಮಾಡಿಸುವುದು ಚೆಕಪ್. ಊರ ಹಳ್ಳಕ್ಕೆ ಅಡ್ಡ ಕಟ್ಟಿದ್ದು ಚೆಕ್ ಡ್ಯಾಮ್, ಗಡಿಯಲ್ಲಿ ಲಾರಿ ನಿಲ್ಲಿಸುವ ಜಾಗ ಚೆಕ್ ಪೋಸ್ಟ್, ಮೈಮೇಲಿನ ಅಂಗಿ ಚೆಕ್ಸ್ ಶರ್ಟು. ಇವೆಲ್ಲ ಒಂದೇ ಪದವಾ, ಬೇರೆ ಬೇರೆ ಪದಗಳಾ? ಒಂದೇ ಆದರೆ ಅಂಗಿಗೂ ಅಣೆಕಟ್ಟಿಗೂ ಏನು ನಂಟು?

ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪದ ಬದಲಾಗುತ್ತದೆ, ಪ್ರಶ್ನೆ ಅದೇ. ಉತ್ತರ ಹೇಳಿ ಮುಗಿಸುವ ಬದಲು ಹುಡುಕುವ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ‘ಚೆಕ್’ ಇಟ್ಟುಕೊಳ್ಳೋಣ. ನಾವು ದಿನಾ ಬಳಸುವ ಇಂಗ್ಲಿಷ್ ಪದಗಳಲ್ಲಿ ಇದರಷ್ಟು ಊರು ಸುತ್ತಿ ಬಂದದ್ದು ಕಡಿಮೆ.

ಏನೇನು ಬೇಕು?

ಒಂದು ನೋಟ್‌ಬುಕ್, ಅರ್ಧ ಗಂಟೆ ಪುರುಸೊತ್ತು, ಒಂದು ಐತಿಹಾಸಿಕ ನಿಘಂಟು. ಐತಿಹಾಸಿಕ ನಿಘಂಟು ಅಂದರೆ ಪದದ ಅರ್ಥಗಳನ್ನು ಅವು ಹುಟ್ಟಿದ ಕ್ರಮದಲ್ಲಿ, ಬರಹದಲ್ಲಿ ಮೊದಲು ಕಂಡ ಕಾಲದ ಸಮೇತ ಕೊಡುವ ನಿಘಂಟು. ಇಂಗ್ಲಿಷಿನಲ್ಲಿ ಇವುಗಳಿಗೆಲ್ಲ ಹಿರಿಯ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರ ಮೊದಲ ಕಂತು ಬಂದದ್ದು 1884ರಲ್ಲಿ, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಪೂರ್ತಿ ನೋಡಬೇಕೆಂದರೆ ಚಂದಾ ಕಟ್ಟಬೇಕು. ದುಡ್ಡಿಲ್ಲದೆ ಆಗಬೇಕು ಅಂದರೆ ಡಗ್ಲಸ್ ಹಾರ್ಪರ್ ಅವರ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ, ಮೆರಿಯಮ್-ವೆಬ್‌ಸ್ಟರ್ ಎರಡೂ ಸಾಕು. ಕನ್ನಡದ ಕಡೆಯ ಪದಗಳಿಗೆ 1894ರ ಕಿಟೆಲ್ ನಿಘಂಟು ಇವತ್ತಿಗೂ ಕೈ ಬಿಡುವುದಿಲ್ಲ. ಶಾಲೆಯ ಪಾಕೆಟ್ ನಿಘಂಟು ಈ ಕೆಲಸಕ್ಕೆ ಆಗುವುದಿಲ್ಲ, ಅದರಲ್ಲಿ ಅರ್ಥ ಇರುತ್ತದೆ, ಇತಿಹಾಸ ಇರುವುದಿಲ್ಲ.

ಮೂರು ಮಾತು ಗೊತ್ತಿರಲಿ. ಪದ ಎಲ್ಲಿ ಹುಟ್ಟಿ ಹೇಗೆ ಬಂತು ಅನ್ನುವುದು ಅದರ ‘ನಿಷ್ಪತ್ತಿ’. ಬೇರೆ ನುಡಿಯಿಂದ ತಂದುಕೊಂಡದ್ದು ‘ಎರವಲು ಪದ’. ಒಂದೇ ಮೂಲದಿಂದ ಎರಡು ನುಡಿಗಳಿಗೆ ಬೇರೆ ಬೇರೆಯಾಗಿ ಇಳಿದು ಬಂದದ್ದು ‘ಜ್ಞಾತಿ ಪದ’, ಅಂದರೆ ದಾಯಾದಿ. ಎರವಲಿಗೂ ದಾಯಾದಿಗೂ ಇರುವ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

1. ಯಾವ ಪದ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದ ಕೂಡಲೇ ಅದರ ಕಾಗುಣಿತ ಮಾಯವಾಗುತ್ತದೆ. ‘ಚೆಕ್’ ಅಂತ ನಾವು ಬರೆಯುವುದು ಇಂಗ್ಲಿಷಿನಲ್ಲಿ ಕನಿಷ್ಠ ಮೂರು. ಪರೀಕ್ಷೆ ಮಾಡುವ ಚೆಕ್ ‘ಕೆ’ ಅಕ್ಷರದಲ್ಲಿ ಮುಗಿಯುತ್ತದೆ. ಬ್ಯಾಂಕಿನ ಚೆಕ್ಕಿನ ಕೊನೆಯಲ್ಲಿ ‘ಕ್ಯು, ಯು, ಇ’ ಇವೆ. ಪ್ರಾಗ್ ರಾಜಧಾನಿಯಾಗಿರುವ ದೇಶದ ಚೆಕ್ ಜನರ ಹೆಸರಂತೂ ‘ಸಿ, ಝಡ್’ ಅಂತ ಶುರುವಾಗುತ್ತದೆ. ಈ ಮೂರನೆಯದಕ್ಕೂ ಮೊದಲ ಎರಡಕ್ಕೂ ಏನೂ ಸಂಬಂಧವಿಲ್ಲ. ಅದನ್ನು ಇಲ್ಲೇ ಪಕ್ಕಕ್ಕಿಡಿ.

ಮೊದಲ ಎರಡರ ಕಥೆ ಹಾಗಲ್ಲ. ಕಾಗುಣಿತ ಬೇರೆಯಾದ ಮಾತ್ರಕ್ಕೆ ಪದ ಬೇರೆ ಆಗಬೇಕೆಂದಿಲ್ಲ. ಅಮೆರಿಕದವರು ಬ್ಯಾಂಕಿನದಕ್ಕೂ ಪರೀಕ್ಷೆಗೂ ಒಂದೇ ಕಾಗುಣಿತ ಬಳಸುತ್ತಾರೆ. ನಾವು ಬರೆಯುವುದು ಬ್ರಿಟಿಷರ ಹಾಗೆ. ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, ಅಂದರೆ ಚೆಕ್ ಬೌನ್ಸ್ ಆದಾಗ ಎಲ್ಲರೂ ನೆನೆಯುವ ಕಾನೂನು, ಅದರಲ್ಲೂ ಬ್ರಿಟಿಷ್ ಕಾಗುಣಿತವೇ ಇದೆ.

2. ಬಳಕೆಗಳನ್ನೆಲ್ಲ ಬರೆದು ಗುಂಪು ಮಾಡಿ

ನಿಘಂಟು ತೆರೆಯಬೇಡಿ ಇನ್ನೂ. ಕಿವಿಗೆ ಬಿದ್ದ ಬಳಕೆಗಳನ್ನೆಲ್ಲ ಮೊದಲು ಬರೆಯಿರಿ. ನನ್ನ ಪಟ್ಟಿ ಹೀಗಿತ್ತು: ಚದುರಂಗದ ಚೆಕ್, ಚೆಕ್‌ಮೇಟ್. ಚೆಕ್ ಡ್ಯಾಮ್. ಚೆಕ್ ಪೋಸ್ಟ್. ‘ಸ್ವಲ್ಪ ಚೆಕ್ ಮಾಡಿ ಹೇಳಿ’. ಬಸ್ಸಿನಲ್ಲಿ ಬರುವ ಚೆಕಿಂಗ್. ಚೆಕಪ್. ಚೆಕ್ ಬುಕ್. ಚೆಕ್ಸ್ ಶರ್ಟು.

ಇವುಗಳಲ್ಲಿ ಐದು ಅರ್ಥ ಕಾಣುತ್ತವೆ. ಆಟದಲ್ಲಿ ರಾಜನಿಗೆ ಬಂದ ಅಪಾಯ, ತಡೆ, ಪರೀಕ್ಷೆ, ಹಣದ ಕಾಗದ, ಚೌಕಳಿ ವಿನ್ಯಾಸ.

ಯಾವ ಗುಂಪಿಗೂ ಸರಿಯಾಗಿ ಕೂರದ ಬಳಕೆ ಇದ್ದರೆ ಅದಕ್ಕೆ ಅಡಿಗೆರೆ ಎಳೆಯಿರಿ. ಸಿಕ್ಕಿದ್ದರಲ್ಲಿ ಅದೇ ಜಾಸ್ತಿ ಬೆಲೆಯದು. ಚೆಕ್ ಪೋಸ್ಟ್ ನೋಡಿ. ಅಲ್ಲಿ ಗಾಡಿಯನ್ನು ತಡೆಯುತ್ತಾರೆ, ಪರೀಕ್ಷೆಯನ್ನೂ ಮಾಡುತ್ತಾರೆ. ಇನ್ನು ಚೆಕ್ ಡ್ಯಾಮ್‌ನಲ್ಲಿ ಯಾರೂ ಏನನ್ನೂ ಪರೀಕ್ಷೆ ಮಾಡುವುದಿಲ್ಲ, ಅದರ ಕೆಲಸ ಓಡುವ ನೀರನ್ನು ತಡೆಯುವುದಷ್ಟೇ. ಆ ಪದದಲ್ಲಿರುವುದು ಬರೀ ತಡೆ. ಇದನ್ನು ನೆನಪಿಟ್ಟುಕೊಳ್ಳಿ.

3. ನಿಘಂಟಿನ ಗುರುತುಗಳನ್ನು ಓದಲು ಕಲಿಯಿರಿ

ಈಗ ನಿಘಂಟು ತೆರೆಯಿರಿ. ನಿಷ್ಪತ್ತಿಯ ಸಾಲು ಸಾಮಾನ್ಯವಾಗಿ ಚೌಕ ಆವರಣದಲ್ಲಿರುತ್ತದೆ. ಹಳೆ ಫ್ರೆಂಚ್, ಮಧ್ಯಕಾಲದ ಲ್ಯಾಟಿನ್ ಇವಕ್ಕೆಲ್ಲ ಒಂದೆರಡು ಅಕ್ಷರದ ಸಂಕ್ಷೇಪ ಇರುತ್ತವೆ, ಮೊದಲ ಪುಟಗಳಲ್ಲಿ ಅವುಗಳ ಪಟ್ಟಿ ಸಿಗುತ್ತದೆ. ಎಡಕ್ಕೆ ಬಾಯಿ ಮುಚ್ಚಿ ಬಲಕ್ಕೆ ತೆರೆದ ಕೋನದ ಗುರುತು ಇದ್ದರೆ ‘ಇದರಿಂದ ಬಂದದ್ದು’ ಎಂದರ್ಥ. ಪದದ ಹಿಂದೆ ನಕ್ಷತ್ರ ಇದ್ದರೆ ಎಚ್ಚರ. ಆ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ್ದು. ಅದು ಸುಳ್ಳು ಅಂತಲ್ಲ, ಆದರೆ ‘ಹೀಗೇ ಬರೆಯುತ್ತಿದ್ದರು’ ಅಂತ ಯಾರಿಗೂ ಹೇಳಬೇಡಿ.

4. ಅರ್ಥಗಳನ್ನು ವರ್ಷದ ಪ್ರಕಾರ ಜೋಡಿಸಿ

ಬಹಳಷ್ಟು ಜನ ಬಿಟ್ಟುಬಿಡುವ ಹಂತ ಇದು. ಇವತ್ತು ಯಾವ ಅರ್ಥ ಜಾಸ್ತಿ ಬಳಕೆಯಲ್ಲಿದೆಯೋ ಅದೇ ಮೂಲ ಅಂತ ಅಂದುಕೊಂಡುಬಿಡುತ್ತಾರೆ. ‘ಚೆಕ್ ಅಂದರೆ ಪರೀಕ್ಷೆ, ಉಳಿದದ್ದೆಲ್ಲ ಆಮೇಲೆ ಬಂದದ್ದು’ ಅಂತ ಕೇಳಿರುತ್ತೀರಿ. ವರ್ಷ ಜೋಡಿಸಿದರೆ ಕಾಣುವುದು ತದ್ವಿರುದ್ಧ.

ಇಂಗ್ಲಿಷಿನಲ್ಲಿ ಚದುರಂಗದ ಚೆಕ್ 14ನೇ ಶತಮಾನದ್ದು. ಏಕಾಏಕಿ ತಡೆ, ಹಿನ್ನಡೆ ಎನ್ನುವ ಅರ್ಥವೂ ಅದೇ ಶತಮಾನದ್ದು. ಚೌಕಳಿ ವಿನ್ಯಾಸ ಬರುವುದು 1400ರ ಸುಮಾರಿಗೆ. ಪರೀಕ್ಷೆ ಮಾಡು, ತಾಳೆ ನೋಡು ಎನ್ನುವ ಅರ್ಥ ಕಾಣಿಸುವುದು 17ನೇ ಶತಮಾನದ ಕೊನೆಯಲ್ಲಿ. ಬ್ಯಾಂಕಿನ ಕಾಗದ 18ನೇ ಶತಮಾನದ್ದು.

ಅಂದರೆ ನಮ್ಮ ಹಳ್ಳದ ಚೆಕ್ ಡ್ಯಾಮ್, ನಮ್ಮ ಡಾಕ್ಟರ ಚೆಕಪ್‌ಗಿಂತ ಹಳೆಯ ಅರ್ಥವನ್ನು ಹಿಡಿದುಕೊಂಡಿದೆ. ಕಟ್ಟೆ ಹೊಸದಿರಬಹುದು, ಅರ್ಥ ಹಳೆಯದು.

ಇಲ್ಲಿ ಒಂದು ಎಚ್ಚರಿಕೆ. ನಿಘಂಟು ಕೊಡುವುದು ಬರಹದಲ್ಲಿ ಮೊದಲು ಸಿಕ್ಕ ವರ್ಷ. ಜನ ಅದಕ್ಕೂ ಮುಂಚೆ ಬಾಯಲ್ಲಿ ಬಳಸಿರುತ್ತಾರೆ. ಹಾಗಾಗಿ ‘ಈ ವರ್ಷ ಹುಟ್ಟಿತು’ ಅನ್ನಬೇಡಿ, ‘ಈ ಹೊತ್ತಿಗೆ ಬಳಕೆಯಲ್ಲಿತ್ತು’ ಅನ್ನಿ.

5. ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ

ಹಳೆಯ ಅರ್ಥ ಆಟದ್ದು ಅಂತ ಗೊತ್ತಾಯಿತು. ಹಾಗಾದರೆ ಆಟ ಬಂದ ದಾರಿಯೇ ಪದ ಬಂದ ದಾರಿ ಇರಬಹುದು. ಚದುರಂಗ ಸುಮಾರು 6ನೇ ಶತಮಾನದ ಹೊತ್ತಿಗೆ ಭಾರತದಲ್ಲಿತ್ತು. ಇಲ್ಲಿಂದ ಪರ್ಷಿಯಾಕ್ಕೆ ಹೋಯಿತು. 7ನೇ ಶತಮಾನದಲ್ಲಿ ಅರಬರು ಪರ್ಷಿಯಾವನ್ನು ಗೆದ್ದ ಮೇಲೆ ಅವರ ಕೈಗೆ ಬಂತು, ಅವರಿಂದ ಯುರೋಪಿಗೆ ದಾಟಿತು.

ಪರ್ಷಿಯನ್ನರು ಆಡುವಾಗ ಎದುರಾಳಿಯ ರಾಜನ ಮೇಲೆ ದಾಳಿ ಬಂದರೆ ‘ಶಾಹ್!’ ಅಂತ ಕೂಗಿ ಎಚ್ಚರಿಸುತ್ತಿದ್ದರು. ಶಾಹ್ ಅಂದರೆ ರಾಜ. ‘ರಾಜ, ನೋಡಿಕೋ’ ಅಂದ ಹಾಗೆ. ಚೆಕ್ ಪದದ ಮೂಲ ಈ ಕೂಗು.

‘ಶಾಹ್’ ಹೋಗಿ ‘ಚೆಕ್’ ಆಗಿದ್ದು ಹೇಗೆ? ಒಂದೇ ನೆಗೆತಕ್ಕೆ ಆದದ್ದಲ್ಲ. ಪರ್ಷಿಯನ್ ‘ಶಾಹ್’ ಅರಬ್ಬಿಗೆ ಹೋಯಿತು. ಅಲ್ಲಿಂದ ಮಧ್ಯಕಾಲದ ಲ್ಯಾಟಿನ್ನಿಗೆ ಬರುವಾಗ ‘ಸ್ಕಕ್ಕುಸ್’ ಆಯಿತು. ಲ್ಯಾಟಿನ್ ಬರೆಯುವವರ ಹತ್ತಿರ ‘ಶ’ಕ್ಕೂ ಕೊನೆಯ ‘ಹ’ಕಾರಕ್ಕೂ ಸರಿಯಾದ ಅಕ್ಷರ ಇರಲಿಲ್ಲ, ‘ಸ್ಕ’ ಮತ್ತು ‘ಕ’ ಹಾಕಿ ಸುಧಾರಿಸಿದರು. ಹಳೆ ಫ್ರೆಂಚಿನಲ್ಲಿ ಅದು ‘ಎಸ್‌ಚೆಕ್’ ಆಯಿತು. ಮುಂದೆ ಒಂದು ‘ಎ’ ಯಾಕೆ ಬಂತು? ಪದದ ಶುರುವಿಗೇ ಒತ್ತಕ್ಷರ ಬಂದರೆ ಅವರಿಗೆ ನಾಲಿಗೆ ತೊಡರುತ್ತಿತ್ತು. ನಮ್ಮ ಕಡೆ ‘ಇಸ್ಕೂಲು’ ಅನ್ನುವುದಿಲ್ವಾ, ಅದೇ ಕಥೆ. ‘ಕ’ ಹೋಗಿ ‘ಚ’ ಆಗಿದ್ದೂ ಹೊಸದಲ್ಲ. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅವರಲ್ಲಿ ಚೆರುವು.

ಇಂಗ್ಲಿಷರು ಈ ‘ಎಸ್‌ಚೆಕ್’ ತೆಗೆದುಕೊಂಡು ಮುಂದಿನ ‘ಎಸ್’ ಉದುರಿಸಿದರು. ಚೆಕ್ ಆಯಿತು. ಅದರ ಬಹುವಚನ ‘ಎಸ್‌ಚೆಸ್’ ಅನ್ನೂ ಹಾಗೇ ಮೊಟಕು ಮಾಡಿದರು, ಅದು ‘ಚೆಸ್’. ಚೆಸ್ ಅಂದರೆ ಮೂಲದಲ್ಲಿ ‘ಚೆಕ್‌ಗಳು’ ಅಂದ ಹಾಗಾಯಿತು!

ಅರ್ಥದ ದಾರಿಯನ್ನೂ ಹೀಗೇ ಹಿಡಿಯಬಹುದು. ರಾಜನಿಗೆ ಚೆಕ್ ಬಂದರೆ ಆಟಗಾರ ತನ್ನ ಯೋಜನೆಯನ್ನೆಲ್ಲ ಅಲ್ಲೇ ನಿಲ್ಲಿಸಬೇಕು, ಮೊದಲು ರಾಜನನ್ನು ಕಾಯಬೇಕು. ಹೀಗೆ ಚೆಕ್ ಅಂದರೆ ತಡೆ. ಆಮೇಲೆ ಹಿಡಿತದಲ್ಲಿಡುವುದು. ಲೆಕ್ಕ ಹಿಡಿತದಲ್ಲಿರಬೇಕಾದರೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ತಾಳೆ ನೋಡಬೇಕು. ಅಲ್ಲಿಂದ ಪರೀಕ್ಷೆ. ಹೀಗೆ ಅರ್ಥ ಮೆಲ್ಲಗೆ ಸರಿಯುವುದಕ್ಕೆ ‘ಅರ್ಥಪಲ್ಲಟ’ ಅನ್ನುತ್ತಾರೆ. ಪ್ರತಿ ಹೆಜ್ಜೆಯೂ ಪುಟ್ಟದಾಗಿರಬೇಕು. ನಿಮ್ಮ ವಿವರಣೆಯಲ್ಲಿ ಎಲ್ಲಾದರೂ ದೊಡ್ಡ ಜಿಗಿತ ಬಂತೆಂದರೆ ನಡುವಿನ ಮೆಟ್ಟಿಲು ನಿಮಗಿನ್ನೂ ಸಿಕ್ಕಿಲ್ಲ ಎಂದರ್ಥ. ವಾಪಸ್ ಹೋಗಿ ಹುಡುಕಿ.

6. ಕವಲು ಎಲ್ಲಿ ಒಡೆಯಿತು ನೋಡಿ

ಮೇಲಿನ ದಾರಿಯಲ್ಲಿ ಚೆಕ್ಸ್ ಶರ್ಟು ಸಿಗಲಿಲ್ಲ, ಅಲ್ವಾ? ಅದಕ್ಕೆ ಬೇರೆ ಕವಲು. ಚದುರಂಗದ ಮಣೆಗೆ ಲ್ಯಾಟಿನ್ನಿನಲ್ಲಿ ‘ಸ್ಕಕ್ಕಾರಿಯಮ್’ ಅನ್ನುತ್ತಿದ್ದರು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿನಲ್ಲಿ ‘ಚೆಕರ್’ ಆಯಿತು. ಮಣೆಯ ಹಾಗೆ ಮನೆ ಮನೆ ಇರುವ ವಿನ್ಯಾಸಕ್ಕೂ ಅದೇ ಹೆಸರು. ಅದನ್ನು ಮೊಟಕು ಮಾಡಿದ್ದು ಬಟ್ಟೆಯ ಚೆಕ್.

ಈ ಕವಲಿನಲ್ಲೇ ಇಂಗ್ಲೆಂಡಿನ ಖಜಾನೆ ಇದೆ. ಅದರ ಹೆಸರು ‘ಎಕ್ಸ್‌ಚೆಕರ್’. ಅಲ್ಲಿನ ಹಣಕಾಸು ಸಚಿವರನ್ನು ಇವತ್ತಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಅಂತಲೇ ಕರೆಯುತ್ತಾರೆ. ರೊಕ್ಕದ ಕಚೇರಿಗೂ ಆಟದ ಮಣೆಗೂ ಏನು ನಂಟು? 12ನೇ ಶತಮಾನದಲ್ಲಿ ದೊರೆ ಎರಡನೇ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಇದನ್ನು ತಾನೇ ಬರೆದಿಟ್ಟಿದ್ದಾನೆ. ಲೆಕ್ಕ ಒಪ್ಪಿಸುವ ಮೇಜು ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಅದರ ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ರೋಮನ್ ಅಂಕಿಗಳಲ್ಲಿ ಕೂಡಿ ಕಳೆಯುವುದು ಕಷ್ಟ. ಅದಕ್ಕೆ ಪೆನ್ಸ್, ಶಿಲ್ಲಿಂಗ್, ಪೌಂಡ್ ಅಂತ ಒಂದೊಂದು ಸಾಲು ಮಾಡಿ, ಸಾಲಿನಲ್ಲಿ ಬಿಲ್ಲೆಗಳನ್ನಿಟ್ಟು ಎಣಿಸುತ್ತಿದ್ದರು. ನೋಡಿದರೆ ಚದುರಂಗದ ಮಣೆ. ಹೆಸರು ಬಂದದ್ದು ಅದರಿಂದ. ಫಿಟ್ಜ್‌ನೀಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಆಟದಲ್ಲಿ ಇಬ್ಬರು ರಾಜರು ಕಾದಾಡುವ ಹಾಗೆ ಇಲ್ಲಿ ಖಜಾಂಚಿಗೂ ಲೆಕ್ಕ ಒಪ್ಪಿಸಲು ಬಂದ ಶೆರಿಫನಿಗೂ ಕಾದಾಟ ಅನ್ನುತ್ತಾನೆ. ಲೆಕ್ಕಪರಿಶೋಧನೆಗೆ ಒಮ್ಮೆಯಾದರೂ ಕೂತವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇಲ್ಲೊಂದು ತಮಾಷೆಯೂ ಇದೆ. ‘ಎಕ್ಸ್‌ಚೆಕರ್’ನಲ್ಲಿರುವ ಎಕ್ಸ್ ಅಕ್ಷರ ತಪ್ಪಿನಿಂದ ಬಂದದ್ದು. ಫ್ರೆಂಚಿನ ‘ಎಸ್’ ಅನ್ನು ಲ್ಯಾಟಿನ್ನಿನ ‘ಎಕ್ಸ್’ ಪೂರ್ವಪದ ಅಂದುಕೊಂಡು ಓದಿದವರು ತಿದ್ದಿದರು. ತಿದ್ದಿದ್ದೇ ತಪ್ಪಾಯಿತು, ಆ ತಪ್ಪೇ ಉಳಿಯಿತು.

ಇನ್ನು ಬ್ಯಾಂಕಿನ ಚೆಕ್. ಅದು ಹುಟ್ಟಿದ್ದು ತಾಳೆ ನೋಡುವ ಚೆಕ್‌ನಿಂದ. ಮೊದಲು ಚೆಕ್ ಅಂದರೆ ಕಾಗದವಲ್ಲ, ಹರಿದುಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯುವ ತುಂಡು, ನಾವು ಕೌಂಟರ್‌ಫಾಯಿಲ್ ಅನ್ನುತ್ತೇವಲ್ಲ, ಅದು. ಮೋಸ ಆಗಿದೆಯಾ ಅಂತ ನೋಡಲು ಇದೇ ಆಧಾರ. ಆಮೇಲೆ ಹೆಸರು ತುಂಡಿನಿಂದ ಕಾಗದಕ್ಕೆ ದಾಟಿತು. ಎಕ್ಸ್‌ಚೆಕರ್ ಪದದ ಕಾಗುಣಿತ ನೋಡಿ ಬ್ರಿಟಿಷರು ಇದಕ್ಕೂ ‘ಕ್ಯು’ ಹಾಕಿದರು. ಎರಡು ಕವಲು ಕಾಗುಣಿತದಲ್ಲಿ ಮತ್ತೆ ಒಂದಾದವು. ಬರೀ ಕಾಗುಣಿತ ನೋಡಿ ವಂಶ ಹೇಳಲು ಹೊರಟರೆ ಇಂಥ ಕಡೆ ಎಡವುತ್ತೀರಿ.

7. ಬೇರೆ ನುಡಿಗಳಲ್ಲಿ ನೆಂಟರನ್ನು ಹುಡುಕಿ

ನೆಂಟರು ಸಿಕ್ಕರೆ ನಿಮ್ಮ ದಾರಿ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ. ಜರ್ಮನರು ಚದುರಂಗಕ್ಕೆ ‘ಶಾಖ್’ ಅನ್ನುತ್ತಾರೆ, ಅದರಲ್ಲಿ ಶಾಹ್ ಇನ್ನೂ ಕೇಳಿಸುತ್ತದೆ. ಫ್ರೆಂಚಿನಲ್ಲಿ ‘ಎಶೆಕ್’ ಅಂದರೆ ಸೋಲು. ಹಿಂದಿ, ಉರ್ದುವಿನಲ್ಲಿ ‘ಶಹ್’ ಕೊಡುವುದು ಅಂದರೆ ಇವತ್ತಿಗೂ ಚೆಕ್ ಕೊಡುವುದು, ‘ಮಾತ್’ ಅಂದರೆ ಆಟ ಮುಗಿಸುವುದು. ಚೆಕ್‌ಮೇಟ್ ಅಂದರೆ ‘ಶಾಹ್ ಮಾತ್’. ಇಲ್ಲಿನ ‘ಮಾತ್’ ಪರ್ಷಿಯನ್ನಿನಲ್ಲಿ ‘ದಿಕ್ಕು ತೋಚದವನಾದ’ ಎಂದು, ಅರಬ್ಬಿಯ ಕಿವಿಗೆ ‘ಸತ್ತ’ ಎಂದು. ‘ರಾಜ ಸತ್ತ’ ಅಂತ ಹೇಳುವುದೇ ರೂಢಿ. ಆದರೆ ಆಟದಲ್ಲಿ ರಾಜನನ್ನು ಕೊಲ್ಲುವುದೇ ಇಲ್ಲವಲ್ಲ! ಹಾಗಾಗಿ ನನಗೆ ಪರ್ಷಿಯನ್ ಅರ್ಥವೇ ಸರಿ ಅನ್ನಿಸುತ್ತದೆ.

ಕನ್ನಡದಲ್ಲೂ ನೆಂಟರಿದ್ದಾರೆ. ಬಾದಶಹ ಪದದ ಕೊನೆಯಲ್ಲಿರುವುದು ಅದೇ ಶಾಹ್. ವಿಜಯಪುರದ ಆದಿಲ್‌ಶಾಹಿಯಲ್ಲಿರುವುದೂ ಅದೇ. ‘ಶಾಹಿ’ ಅಂದರೆ ಆಳ್ವಿಕೆ ಅಂತಾಗಿ, ಅದರಿಂದ ನಾವು ಬಂಡವಾಳಶಾಹಿ, ಅಧಿಕಾರಶಾಹಿ ಮಾಡಿಕೊಂಡೆವು. ಮುಂದಿನ ಸಲ ‘ಬಂಡವಾಳಶಾಹಿಯ ಚೆಕ್’ ಅಂತ ಬರೆದರೆ, ಒಂದೇ ಪದವನ್ನು ಎರಡು ವೇಷದಲ್ಲಿ ಬರೆದ ಹಾಗೆ.

8. ಸಿಕ್ಕಿದ್ದನ್ನೆಲ್ಲ ಅನುಮಾನದಿಂದ ನೋಡಿ

ಎಡವುವ ಜಾಗಗಳು ನಾಲ್ಕಾರು ಇವೆ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕೂ ಮೇಲೆ ಇವೇ.

ಸದ್ದು ಒಂದೇ ಥರ ಇದೆ ಅಂತ ನಂಟು ಕಟ್ಟುವುದು. ‘ಚೌಕ’ದಿಂದಲೇ ‘ಚೆಕ್’ ಬಂತು ಅನ್ನುವವರಿದ್ದಾರೆ. ಮಣೆಯಲ್ಲೂ ಚೌಕ, ಅಂಗಿಯಲ್ಲೂ ಚೌಕ, ಸದ್ದೂ ಹತ್ತಿರ. ಕೇಳಲು ಚೆನ್ನಾಗಿದೆ, ಸರಿಯಿಲ್ಲ. ಚೌಕ ಬಂದದ್ದು ಸಂಸ್ಕೃತದ ‘ಚತುಷ್ಕ’ದಿಂದ, ಅಂದರೆ ನಾಲ್ಕರ ಲೆಕ್ಕದಿಂದ. ನಮ್ಮ ಚೌಕಳಿ ಸೀರೆ ಆ ಮನೆಯದು, ಅಂಗಡಿಯ ಚೆಕ್ಸ್ ಶರ್ಟು ಶಾಹ್ ಮನೆಯದು. ‘ಶಾಬಾಸ್’ ಪದದಲ್ಲೂ ಶಾಹ್ ಇದೆ ಅಂದುಕೊಳ್ಳಬೇಡಿ. ಅದು ಪರ್ಷಿಯನ್ನಿನ ‘ಶಾದ್ ಬಾಶ್’, ಅಂದರೆ ‘ಸಂತೋಷವಾಗಿರು’.

ಆಟ ನಮ್ಮದು, ಆದ್ದರಿಂದ ಪದವೂ ನಮ್ಮದು ಅನ್ನುವುದು. ಚದುರಂಗ ಇಲ್ಲಿಂದಲೇ ಹೋದದ್ದು ನಿಜ. ‘ಚತುರಂಗ’ ಪರ್ಷಿಯನ್ನಿನಲ್ಲಿ ‘ಚತ್ರಂಗ್’, ಅರಬ್ಬಿಯಲ್ಲಿ ‘ಶತ್ರಂಜ್’ ಆಯಿತು. ಅದು ಮುಂದೆ ಸ್ಪೇನಿನಲ್ಲಿ ‘ಅಹೆದ್ರೆಸ್’, ಪೋರ್ಚುಗೀಸಿನಲ್ಲಿ ‘ಶದ್ರೆಸ್’. ಆ ಎರಡು ನುಡಿಗಳು ನಮ್ಮ ಹೆಸರನ್ನು ಉಳಿಸಿಕೊಂಡವು. ಪೋರ್ಚುಗೀಸಿನಲ್ಲಂತೂ ಚೌಕಳಿ ಬಟ್ಟೆಗೂ ಅದೇ ಪದ! ಆದರೆ ಇಂಗ್ಲಿಷಿನ ಚೆಸ್, ಚೆಕ್ ಎರಡೂ ಶಾಹ್‌ನಿಂದ ಬಂದವು, ಚತುರಂಗದಿಂದ ಅಲ್ಲ.

ದಾಯಾದಿಯನ್ನು ಅಪ್ಪ ಅನ್ನುವುದು. ಶಾಹ್ ಹಳೆ ಪರ್ಷಿಯನ್ನಿನ ‘ಆಳು’ ಎನ್ನುವ ಅರ್ಥದ ಧಾತುವಿನಿಂದ ಬಂದದ್ದು. ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಪದಗಳ ಧಾತು ಅದಕ್ಕೆ ನೆಂಟ. ಈ ವಿಷಯ ಗೊತ್ತಾದ ಕೂಡಲೇ ಕೆಲವರು ‘ಚೆಕ್ ಸಂಸ್ಕೃತದಿಂದ ಬಂತು’ ಅಂತ ಬರೆದುಬಿಡುತ್ತಾರೆ. ಶಾಹ್ ಸಂಸ್ಕೃತದಿಂದ ಹೋದ ಎರವಲು ಅಲ್ಲ. ಎರಡೂ ಇನ್ನೂ ಹಳೆಯ ಒಂದೇ ಅಜ್ಜನ ಮೊಮ್ಮಕ್ಕಳು. ಜ್ಞಾತಿಗೂ ಎರವಲಿಗೂ ವ್ಯತ್ಯಾಸ ನೆನಪಿರಲಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಕೊನೆಯದು, ಅಕ್ಷರ ಬಿಡಿಸುವ ಚಾಳಿ. ‘ನ್ಯೂಸ್’ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಅಂತ ವಾಟ್ಸಾಪಿನಲ್ಲಿ ಬಂದಿರುತ್ತದೆ. ಸುಮ್ನೆ ಕಟ್ಟಿದ ಕಥೆ. ‘ನ್ಯೂ’ ಅಂದರೆ ಹೊಸದು, ನ್ಯೂಸ್ ಅಂದರೆ ಹೊಸವು. ಅಕ್ಷರಗಳನ್ನು ಕೂಡಿಸಿ ಪದ ಮಾಡುವ ರೂಢಿ ಹೆಚ್ಚಾಗಿ 20ನೇ ಶತಮಾನದ್ದು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಇಂಥ ಬಿಡಿಸಿದ ರೂಪ ಹೇಳಿದರೆ ನಂಬುವ ಮುಂಚೆ ನಿಘಂಟಿನಲ್ಲಿ ವರ್ಷ ನೋಡಿ.

ಅಭ್ಯಾಸಕ್ಕೆ ಎರಡು ಪದ ಕೊಡುತ್ತೇನೆ. ಸುಲಭದ್ದು ‘ಕಂಟ್ರೋಲ್’. ಫ್ರೆಂಚಿನಲ್ಲಿ ಅದರ ಹಳೆ ರೂಪ ನೋಡಿ. ಚೆಕ್ ತುಳಿದ ದಾರಿಯನ್ನೇ ಅದು ಎದುರಿನಿಂದ ತುಳಿದಿದೆ, ಲೆಕ್ಕದ ಎರಡನೇ ಪ್ರತಿಯಿಂದ ಹಿಡಿತದ ಕಡೆಗೆ. ಸ್ವಲ್ಪ ಕಷ್ಟದ್ದು ‘ಬ್ಯಾಂಕ್’. ದುಡ್ಡಿಡುವ ಬ್ಯಾಂಕಿಗೂ ನದಿಯ ದಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ, ನಿಘಂಟಿನಲ್ಲಿ ಎರಡು ಬೇರೆ ನಮೂದು. ಒಂದು ಇಟಲಿಯ ಕಡೆಯಿಂದ ಬಂದದ್ದು, ಇನ್ನೊಂದು ಉತ್ತರದ ಕಡೆಯಿಂದ. ಅಲ್ಲಿಗೇ ಬಿಟ್ಟುಬಿಡಬೇಡಿ. ಎರಡನ್ನೂ ಹಿಂದಕ್ಕೆ ಹಿಡಿದು ಹೋಗಿ, ಶಾಲೆಯಲ್ಲಿ ನೀವು ಕೂರುತ್ತಿದ್ದ ಬೆಂಚು ಸಿಗುವ ತನಕ.